ಮಾವ್ಶಿ ಮತ್ತು ಕೊಕ್ಕಿಸಾಂ ಅಚ್ಚು

ಮಾವ್ಶಿ ಕೊಂಕಣಿಯಲ್ಲಿ ಯಾರನ್ನೂ ಬೈಯುತ್ತಿರಲಿಲ್ಲ. ನಮ್ಮದು ಕುಂದಾಪುರದ ಇಗರ್ಜಿ ರಸ್ತೆಯ ಮನೆ, ಮನೆಮಾತು ಕೊಂಕಣಿ. ಊಟಕ್ಕೆ ಕರೆಯುವುದು, ತಲೆ ಬಾಚುವುದು, ಜ್ವರ ಬಂದಾಗ ಹಣೆ ಮುಟ್ಟಿ ಮಾತಾಡುವುದು ಎಲ್ಲವೂ ಅದರಲ್ಲೇ. ಸಿಟ್ಟು ನೆತ್ತಿಗೇರಿದರೆ ಮಾತ್ರ ಅವಳ ಬಾಯಿಂದ ಕುಂದಾಪ್ರ ಕನ್ನಡ ಹೊರಡುತ್ತಿತ್ತು. ಹೀಗೇಕೆ ಎಂದು ಒಮ್ಮೆ ಕೇಳಿದ್ದೆ. "ದಿನಾ ಸಂಜೆ ತೆರ್ಸ್ ಹೇಳುವ ಮಾತು ಇದು. ಇದರಲ್ಲೇ ಬೈದರೆ ಯಾವುದು ಜಪ, ಯಾವುದು ಬೈಗುಳ ಅಂತ ಮರಿಯಮ್ಮನವರಿಗೆ ಹೇಗೆ ಗೊತ್ತಾಗಬೇಕು?" ಎಂದಿದ್ದಳು. ತೆರ್ಸ್ ಎಂದರೆ ಮನೆಮಂದಿಯೆಲ್ಲ ಮೊಣಕಾಲೂರಿ, ಜಪಮಣಿ ಹಿಡಿದು ಹೇಳುವ ಪ್ರಾರ್ಥನೆ.

ಅವಳು ನನ್ನ ಅಮ್ಮನ ತಂಗಿ, ಹೆಸರು ಸೆರಾಫಿನ್. ಐವತ್ತೇಳರ ಮಳೆಗಾಲದಲ್ಲಿ ಅಮ್ಮ ತೀರಿಕೊಂಡಾಗ ಬ್ರಹ್ಮಾವರದಿಂದ ಬಂದವಳು, ಚಿಕ್ಕವರಾದ ನನ್ನನ್ನೂ ತಮ್ಮನನ್ನೂ ನೋಡಿ ಉಳಿದುಬಿಟ್ಟಳು. ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು.

ಡಿಸೆಂಬರ್ ಬಂತೆಂದರೆ ಮನೆಯಲ್ಲಿ ಕನ್ನಡ ಹೆಚ್ಚುತ್ತಿತ್ತು. ಕ್ರಿಸ್ಮಸ್ ಹಬ್ಬದ ತಿಂಡಿಗಳಿಗೆಲ್ಲ ಸೇರಿ ನಾವು ಕುಸ್ವಾರ್ ಎನ್ನುತ್ತೇವೆ. ಅದರ ಕೆಲಸ ಶುರುವಾದ ದಿನವೇ ಸೌದೆ ಹಸಿಯೆಂದು ಗೊತ್ತಾಗುತ್ತಿತ್ತು. ಅಂಗಡಿಯಲ್ಲಿ ಸಕ್ಕರೆ ಮುಗಿದಿರುತ್ತಿತ್ತು. ಬಾಲಯೇಸುವಿನ ಗೋದಲಿಯಲ್ಲಿಡಲು ತೆಂಗಿನ ಚಿಪ್ಪಿನಲ್ಲಿ ಬಿತ್ತಿದ ಭತ್ತದ ಮೊಳಕೆಯನ್ನು ಕೋಳಿ ತಿಂದು ಹೋಗುತ್ತಿತ್ತು. ತಮ್ಮ, ಡಬ್ಬಿಯಲ್ಲಿದ್ದ ನೆವ್ರಿ ಎಂಬ ಸಿಹಿ ಕಡುಬನ್ನು ಒಂದೊಂದೇ ಖಾಲಿ ಮಾಡುತ್ತಿದ್ದ. ಎಲ್ಲದಕ್ಕೂ ಬೈಗುಳ ನನಗೇ.

"ಹಸಿ ಕೈ ಎಣ್ಣಿ ಹತ್ರ ತರ್ಬೇಡ ಅಂತ ಎಷ್ಟ್ ಸಲ ಹೇಳ್ಕ್ ಹೆಣ್ಣೆ? ಮೊಕ ಸುಟ್ಕಂಡ್ರೆ ನಿನ್ನ ಯಾರ್ ಮದಿ ಆತ್ರ್? ಆ ಬೆಕ್ಕೂ ಆತಿಲ್ಲೆ!"

ಮೀನು ಮಾರುವ ಗಿರಿಜಕ್ಕ ಹಿಂದಿನ ಬಾಗಿಲಲ್ಲಿ ಬುಟ್ಟಿ ಇಳಿಸುತ್ತ ಕೇಳುತ್ತಿದ್ದಳು: "ಹ್ವಾಯ್ ಬಾಯಮ್ಮ, ಇವತ್ ಯಾರ್ ಗ್ರಾಚಾರ ಬಿಡ್ಸ್ತಿದ್ರಿ?"

ಎಲ್ಲಕ್ಕಿಂತ ದೊಡ್ಡ ತಲೆನೋವು ಕೊಕ್ಕಿಸಾಂ ಎಂಬ ಗರಿಗರಿ ತಿಂಡಿಯ ಅಚ್ಚಿನದು. ಉದ್ದ ಹಿಡಿ, ತುದಿಯಲ್ಲಿ ಹೂವಿನ ಆಕಾರದ ಹಿತ್ತಾಳೆ. ಕಾದ ಎಣ್ಣೆಯಲ್ಲಿ ಅದ್ದಿ, ಅಕ್ಕಿಹಿಟ್ಟು ತೆಂಗಿನ ಹಾಲಿನ ಹಿಟ್ಟಿಗೆ ಮುಟ್ಟಿಸಿ, ಮತ್ತೆ ಎಣ್ಣೆಗಿಟ್ಟು ಮೆಲ್ಲಗೆ ಕೊಡವಿದರೆ ಹೂವು ಕಳಚಿ ತೇಲುತ್ತದೆ. ಅಮ್ಮ ಮದುವೆಯಾಗಿ ಬರುವಾಗ ತಂದ ಅಚ್ಚು. ಇಗರ್ಜಿಗೆ ಸೇರಿದ ಅರ್ಧ ಮನೆಗಳಿಗೆ ಅದು ಎರವಲು ಹೋಗುತ್ತಿತ್ತು, ನಮಗೆ ಬೇಕಾದಾಗ ಮಾತ್ರ ಸಿಗುತ್ತಿರಲಿಲ್ಲ. ಒಂದು ವರ್ಷ ಅದನ್ನು ಹುಡುಕಿಕೊಂಡು ದೋಣಿಯಲ್ಲಿ ಗಂಗೊಳ್ಳಿಗೇ ಹೋದೆವು. ಆ ಮನೆಯಾಕೆ ಅದನ್ನು ತನ್ನ ಅಕ್ಕನಿಗೆ ಕೊಟ್ಟಿದ್ದಳು. ಮಾವ್ಶಿ ಅವಳೆದುರು ನಗುತ್ತ ಕೊಂಕಣಿಯಲ್ಲೇ ಮಾತಾಡಿ, ಕಾಫಿ ಕುಡಿದು ಬಂದಳು. ದೋಣಿ ದಡ ಬಿಟ್ಟದ್ದೇ ತಡ, ಆ ಅಕ್ಕತಂಗಿಯರ ಏಳು ತಲೆಮಾರು ಹೊಳೆಗೆ ಬಿತ್ತು. ದೋಣಿಯವನು ಕೊನೆಗೆ, "ಬಾಯಮ್ಮ, ಸಣ್ಣ ಸ್ವರದಗೆ ಬೈದ್ರೆ ಆತಿಲ್ಯಾ? ದೋಣಿ ಅಲ್ಲಾಡ್ತಿತ್ತ್" ಎಂದ. ಅವಳಿಗೇ ನಗು ಬಂತು.

ಆ ಅಚ್ಚಿಗೆ ನೀರು ತಾಗಿಸಬಾರದು. ಕೆಲಸ ಮುಗಿದ ಮೇಲೆ ಬಾಳೆಲೆಯಲ್ಲಿ ಒರೆಸಿ, ಕಾಗದ ಸುತ್ತಿ, ಒಲೆಯ ಮೇಲಿನ ಮೊಳೆಗೆ ಸಿಕ್ಕಿಸುತ್ತಿದ್ದಳು. ವರ್ಷವರ್ಷದ ಎಣ್ಣೆ ಕುಡಿದು ಅದು ಕಪ್ಪಾಗಿತ್ತು. "ಕಪ್ಪ್ ಇದ್ದಷ್ಟೂ ಒಳ್ಳೇದ್. ಬೆಳ್ಳಗಾದ್ರೆ ಹಿಟ್ಟ್ ಕಚ್ಕಂತ್" ಎನ್ನುತ್ತಿದ್ದಳು.

ಅವಳು ಬಂದ ಮರುವರ್ಷ, ಹಬ್ಬದ ಮೊದಲು, ಬ್ರಹ್ಮಾವರದಿಂದ ಒಂದು ಸಂಬಂಧ ಬಂತು. ಹುಡುಗ ದರ್ಜಿ, ಸ್ವಂತ ಮಿಶನ್ ಇತ್ತು. ಮಾವ್ಶಿಗೆ ಮನಸ್ಸಿತ್ತು. ಆ ವಾರ ನನ್ನ ಹಸಿ ಕೈಗೂ ಬೈಗುಳ ಬೀಳಲಿಲ್ಲ ಎಂಬುದರಿಂದ ನನಗದು ಗೊತ್ತು. ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಹಬ್ಬ ಕಳೆಯಲಿ ಸೆರಾಫಿನ್. ಈಗ ಈ ಮಕ್ಕಳನ್ನು ನಾನು ಎಲ್ಲಿಡಲಿ?" ಎಂದರು. ಕ್ರಿಸ್ಮಸ್ಸಿಗೆ ಮೊದಲಿನ ವಾರಗಳಲ್ಲಿ ನಮ್ಮಲ್ಲಿ ಹೇಗೂ ಮದುವೆಯಿಲ್ಲ. ಅವಳು ಒಪ್ಪಿದಳು. ಹಬ್ಬ ಕಳೆಯಿತು, ತಮ್ಮನಿಗೆ ದಡಾರ ಎದ್ದಿತು. ಅವನು ಏಳುವಷ್ಟರಲ್ಲಿ ಉಪವಾಸದ ಕಾಲ ಬಂತು, ಆಗಲೂ ಮದುವೆಯಿಲ್ಲ. ಈಸ್ಟರ್ ಕಳೆದ ಮೇಲೆ ದರ್ಜಿಗೆ ಬೇರೆ ಕಡೆ ಮದುವೆಯಾಯಿತೆಂಬ ಸುದ್ದಿ ಬಂತು. ಆಮೇಲೆ ಬಂದ ಸಂಬಂಧಗಳಿಗೂ ಅಪ್ಪ ಅದೇ ಮಾತು ಹೇಳಿದರು.

"ನಿಮ್ ಭಾವಂಗೆ ಹಬ್ಬ ಕಳೂದೇ ಇಲ್ಲೆ ಬಾಯಮ್ಮ" ಎಂದಳು ಗಿರಿಜಕ್ಕ.

"ನೀ ಮೀನ್ ಕೊಟ್ಟ್ ಹೋಗ್ ಮಾರಾಯ್ತಿ. ಇದ್ ನನ್ನ ಮನಿ. ನಾ ಇಲ್ದೆ ಇಲ್ಲ್ ಒಂದ್ ಒಲಿ ಹೊತ್ತತಿಲ್ಲೆ."

ನಾವು ಬೆಳೆದೆವು. ನನಗೆ ಹದಿನೇಳು ತುಂಬಿದ ವರ್ಷ ಅಪ್ಪ ಬೈಂದೂರಿನಿಂದ ಮದುವೆಯಾಗಿ ಬಂದರು. ಆಗ ಮಕ್ಕಳನ್ನು ಎಲ್ಲಿಡುವುದೆಂಬ ಪ್ರಶ್ನೆ ಏಳಲಿಲ್ಲ. ಹಾಗೆ ಬಂದ ಚಿಕ್ಕಮ್ಮ ಕೆಟ್ಟವಳಲ್ಲ. ಮೆತ್ತಗಿನ ಹೆಂಗಸು, ಶುಚಿಯ ಹುಚ್ಚು. ಆ ಡಿಸೆಂಬರಿನಲ್ಲಿ ಸಹಾಯ ಮಾಡುವ ಉಮೇದಿನಿಂದ ಹಬ್ಬದ ಪಾತ್ರೆಗಳನ್ನೆಲ್ಲ ಇಳಿಸಿ ತೊಳೆದಳು. ಮೊಳೆಯಲ್ಲಿದ್ದ ಅಚ್ಚನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದಳು. ಅದು ಬಂಗಾರದಂತೆ ಹೊಳೆಯಿತು; ಮತ್ತೆ ಕಾಗದ ಸುತ್ತಿ ಮೊಳೆಗೇ ಸಿಕ್ಕಿಸಿದಳು.

ಮಾವ್ಶಿ ಎಣ್ಣೆ ಕಾಯಿಸಿ ಕಾಗದ ಬಿಚ್ಚಿದಾಗ ನಾನು ಪಕ್ಕದಲ್ಲಿದ್ದೆ. ಅವಳು ಹೊಳೆಯುವ ಹಿತ್ತಾಳೆಯನ್ನು ಬೆರಳಿಂದ ಸವರಿದಳು. ಅದ್ದಿ ನೋಡಿದಳು. ಹಿಟ್ಟು ಕಚ್ಚಿತು. ಕಡ್ಡಿಯಿಂದ ಎಬ್ಬಿಸಿದರೆ ಚೂರುಚೂರಾಗಿ ಎಣ್ಣೆಗೆ ಬಿತ್ತು. ಮತ್ತೆ ಅದ್ದಿದಳು, ಮತ್ತೆ ಚೂರು.

"ಅಚ್ಚಿಗೆ ನೀರ್ ತಾಗ್ಸದ್ದ್ ಯಾರ್?"

"ನಾನೇ ತೊಳೆದೆ. ಎಷ್ಟು ಕಪ್ಪಾಗಿತ್ತು!" ಎಂದು ಚಿಕ್ಕಮ್ಮ ನಕ್ಕಳು.

"ತೊಳುದಾರೆ ನಿನ್ನ ಬುದ್ಧಿ ತೊಳ್ಕಣ್ಕಿತ್ತ್! ನನ್ನ ಅಕ್ಕನ್ ಕಾಲದ್ ಎಣ್ಣಿ ಅದ್. ಬೂದಿಗ್ ಹಾಕಿದ್ಯಲೆ!"

ಚಿಕ್ಕಮ್ಮ ಅತ್ತಳು. ಜಗಲಿಯಲ್ಲಿ ನಕ್ಷತ್ರಕ್ಕೆ ಬಿದಿರುಕಡ್ಡಿ ಕಟ್ಟುತ್ತಿದ್ದ ಅಪ್ಪ ಒಳಗೆ ಬಂದರು. ಅವರು ದನಿ ಏರಿಸಲಿಲ್ಲ. ಸಮಾಧಾನದಿಂದ, ಕೊಂಕಣಿಯಲ್ಲಿ ಹೇಳಿದರು: "ಹೆಂ ತುಜೆಂ ಘರ್ ನ್ಹಯ್, ಸೆರಾಫಿನ್." ಇದು ನಿನ್ನ ಮನೆಯಲ್ಲ.

ಮಾವ್ಶಿ ಬಾಣಲೆ ಇಳಿಸಿ ಒಲೆಯ ಸೌದೆ ಹಿಂದಕ್ಕೆಳೆದಳು. ಅಚ್ಚನ್ನು ಬಾಳೆಲೆಯಲ್ಲಿ ಒರೆಸಿ ಮೊಳೆಗೆ ಸಿಕ್ಕಿಸಿದಳು. ಮಾರನೆಯ ಬೆಳಿಗ್ಗೆ ಇಗರ್ಜಿಯ ಪೂಜೆ ಮುಗಿಸಿಕೊಂಡು ಬಂದು, ಸೀರೆಗಳನ್ನು ಗಂಟು ಕಟ್ಟಿ, ಬ್ರಹ್ಮಾವರದ ಅಣ್ಣನ ಮನೆಗೆ ಬಸ್ಸು ಹತ್ತಿದಳು. ಅಪ್ಪ ತಡೆಯಲಿಲ್ಲ. ಹಬ್ಬ ಕಳೆಯಲಿ ಎಂದು ಈ ಸಲ ಹೇಳಲೂ ಇಲ್ಲ.

ಆ ವರ್ಷ ಕೊಕ್ಕಿಸಾಂ ಆಗಲಿಲ್ಲ. ಮರುವರ್ಷ ಅರ್ಧ ಒಡೆದವು. ಮೂರನೆಯ ಹಬ್ಬಕ್ಕೆ ಅಚ್ಚು ಮತ್ತೆ ಕಪ್ಪಾಗಿ, ಹೂಗಳು ಚಿಕ್ಕಮ್ಮನ ಕೈಯಲ್ಲೂ ಸಲೀಸಾಗಿ ಕಳಚಿದವು. ಅಪ್ಪ ತಿಂದು ಚೆನ್ನಾಗಿದೆ ಎಂದರು. ನಾನು ಒಂದನ್ನೂ ತಿನ್ನಲಿಲ್ಲ. ಅಚ್ಚು ಯಾವತ್ತೂ ಪಳಗಬಾರದು ಎಂದು ನಾನು ಬಯಸಿದ್ದೆ.

ಮಾವ್ಶಿಯನ್ನು ಕೊನೆಗೆ ಕಂಡದ್ದೂ ಡಿಸೆಂಬರಿನಲ್ಲೇ. ಅಷ್ಟರಲ್ಲಿ ನನಗೆ ಮದುವೆಯಾಗಿತ್ತು. ಅವಳಿಗೆ ಹೊಟ್ಟೆಯ ಕಾಯಿಲೆ, ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಚಿಕ್ಕಮ್ಮ ಕಟ್ಟಿಕೊಟ್ಟ ಕುಸ್ವಾರಿನ ಡಬ್ಬಿ ನನ್ನ ಕೈಯಲ್ಲಿತ್ತು. ಅವಳು ಕೊಂಕಣಿಯಲ್ಲಿ ಕೂರಲು ಹೇಳಿದಳು, ಊಟ ಮಾಡಿಕೊಂಡು ಹೋಗು ಎಂದಳು, ಗಂಡ ಚೆನ್ನಾಗಿದ್ದಾನಾ ಎಂದು ಕೇಳಿದಳು. ನೆಂಟರ ಜೊತೆ ಆಡುವ ಮಾತು. ನಾನು ಹೊರಗಿನ ಧೂಳಿನ ಕಾಲಲ್ಲೇ ಅವಳ ಚಾಪೆಯ ಮೇಲೆ ಕೂತೆ, ಬೈಯಲಿ ಎಂದು. ಅದಕ್ಕೂ ಬೈಯಲಿಲ್ಲ.

ತುಂಬ ಹೊತ್ತಿನ ಮೇಲೆ, ಆ ಅಚ್ಚು ಈಗ ಹೇಗಿದೆ ಎಂದು ಕೇಳಿದಳು.

"ಇಲ್ಲ ಮಾವ್ಶಿ, ಇನ್ನೂ ಹಿಟ್ಟು ಕಚ್ಚುತ್ತದೆ. ನೀನಿಲ್ಲದೆ ಸರಿಯಾಗಲೇ ಇಲ್ಲ" ಎಂದೆ.

ಅವಳು ಡಬ್ಬಿಯ ಮುಚ್ಚಳ ತೆಗೆದಳು. ಒಂದು ಕೊಕ್ಕಿಸಾಂ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಎಸಳೂ ಮುರಿದಿರಲಿಲ್ಲ. ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿದಳು.

"ಸುಳ್ಳ್ ಹೇಳುದಾರೆ ಒಡ್ದದ್ ತಕಂಡ್ ಬರ್ಕಿತ್ತ್, ಹೆಣ್ಣೆ" ಎಂದಳು.

ಹಬ್ಬಕ್ಕೆ ಮೊದಲೇ ಅವಳು ಹೋದಳು. ಹೆಣದ ಮುಂದೆ ಅಪ್ಪ ಎಲ್ಲರಿಗಿಂತ ಮುಂದೆ ಮೊಣಕಾಲೂರಿ ಕೊಂಕಣಿಯಲ್ಲಿ ತೆರ್ಸ್ ಹೇಳಿಸಿದರು. ದನಿ, ನಿನ್ನ ಮನೆಯಲ್ಲ ಎಂದ ದಿನದಷ್ಟೇ ಸಮಾಧಾನವಾಗಿತ್ತು. ಪ್ರಾರ್ಥನೆಯ ಮೊದಲರ್ಧ ಒಬ್ಬರು ಹೇಳಿದರೆ ಉಳಿದರ್ಧ ಕೂಡಿದವರು ಹೇಳಬೇಕು. ಎಲ್ಲರೂ ಹೇಳಿದರು. ನಾನು ಬಾಯಿ ತೆರೆಯಲಿಲ್ಲ.