ಮೊದಲ ದೀಪ ಯಾರದು?

ಚಿಂತಾಮಣಿ ಬಸ್ಸಿಗೆ ಕಾಯುತ್ತ ಶಿಡ್ಲಘಟ್ಟದ ನಿಲ್ದಾಣದಲ್ಲಿ ಕುಳಿತಿದ್ದೆ. ಹೂ ಮಾರುವ ಮುನಿಯಮ್ಮ ನನ್ನನ್ನು ಗುರುತಿಸಿದರು. ಅವರ ಊರಿನ ಗಂಗಮ್ಮನ ಗುಡಿಯ ಇತಿಹಾಸ ಬರೆದವನು ನಾನು.

"ಗುಡೀಲಿ ಮೊದಲ ದೀಪ ನಮ್ಮನೇದು ಮೇಷ್ಟ್ರೇ. ಈಗ ಹಚ್ಚಂಗಿಲ್ಲ. ಪಟೇಲ್ರ ಮನೆಯೋರು ಅದು ತಮ್ ಹಕ್ಕು ಅಂತ ನಿಮ್ ಪುಸ್ತಕ ತೋರಿಸ್ತಾರೆ," ಎಂದರು.

ಅಡಿಟಿಪ್ಪಣಿಗಳು ಕರಾರುವಾಕ್ಕಾಗಿವೆ ಎಂದು ಹೊಗಳಿಸಿಕೊಂಡ ಪುಸ್ತಕ ಅದು. ಆದರೆ ಅಂದು ನಾನು ಪಟೇಲರ ಮನೆಯಲ್ಲಿ ಉಂಡು, ಅವರು ಹೇಳಿದ್ದನ್ನೇ ನಂಬಿದ್ದೆ. ಮುನಿಯಮ್ಮನ ಕೇರಿಗೆ ಕಾಲಿಡಲೇ ಇಲ್ಲ.

"ತಪ್ಪು ನಂದಮ್ಮ. ತಿದ್ದಿ ಬರೀತೀನಿ. ದೀಪ ಹಚ್ತಿದ್ದೋರು ಯಾರು?"

"ನಮ್ಮತ್ತೆ, ನಂಜಮ್ಮ. ಹೋದ್ ವರ್ಷ ತೀರ್ಕೊಂಡ್ರು."

ಹೆಸರು ಬರೆದುಕೊಂಡೆ. ಮುನಿಯಮ್ಮ ಹೂವಿನ ಮೇಲೆ ನೀರು ಚಿಮುಕಿಸುತ್ತ ಹೇಳಿದರು: "ಸಾಯೋ ತನಕ ಕೇಳೋರು, ಆ ಮೇಷ್ಟ್ರು ನಮ್ಮನೇಗ್ಯಾಕೆ ಬರ್ಲಿಲ್ಲ ಅಂತ."