ಮಂಗಳೂರಲ್ಲಿ ಡ್ಯಾಮ್ ಬಿಟ್ಟ ದಿನ

ಭದ್ರಾವತಿಯಿಂದ ನಸುಕಿಗೇ ಹೊರಟು ಶಿವಮೊಗ್ಗದಲ್ಲಿ ಮಂಗಳೂರು ಬಸ್ ಹಿಡಿದೆವು. ನಮ್ಮ ಯಜಮಾನರದು ಲೇತ್ ಕೆಲಸ. ಅವರಿದ್ದ ವರ್ಕ್‌ಶಾಪ್ ಮುಚ್ಚಿ ಮೂರು ತಿಂಗಳಾಗಿತ್ತು. ಮಂಗಳೂರಿನ ಹಳೇ ಬಂದರಿನಲ್ಲಿ ದೋಣಿ ರಿಪೇರಿ ಮಾಡಿಸುವ ಸಾಹುಕಾರರೊಬ್ಬರು "ಒಂದು ದಿನ ಕೆಲಸ ಮಾಡಿ ತೋರಿಸಿ, ನೋಡುವ" ಅಂದಿದ್ದರು. ಊರು ನೋಡುವ ನೆಪದಲ್ಲಿ ನಾನೂ ಜೊತೆಗೆ ಹೊರಟೆ. ನಿಜ ಹೇಳ್ತೀನಿ, ಈ ಕೆಲಸ ಸಿಗದೇ ಇರಲಿ ಅಂತ ದಾರಿಯುದ್ದಕ್ಕೂ ದೇವರನ್ನು ಬೇಡಿಕೊಂಡೆ. ಭದ್ರಾವತಿಯ ನಮ್ಮ ಹಳೇನಗರ ಬಿಟ್ಟು ಬದುಕೋದು ನನ್ನ ಕೈಲಾಗದ ಮಾತು.

ತೀರ್ಥಹಳ್ಳಿಯಲ್ಲಿ ಇಡ್ಲಿ, ಆಗುಂಬೆ ತಿರುವುಗಳಲ್ಲಿ ಹೊಟ್ಟೆ ತೊಳಸು, ಘಾಟಿ ಇಳಿದದ್ದೇ ಸೆಖೆ. ಕಿಟಕಿ ತೆಗೆದೆ, ಮುಚ್ಚಿದೆ, ಮತ್ತೆ ತೆಗೆದೆ.

"ಸುಮ್ನೆ ಕೂತ್ಕೋ ಮಾರಾಯ್ತಿ, ಬಸ್ ಓಡಿಸ್ತಿರೋದು ನೀನಲ್ಲ" ಅಂದರು ಇವರು.

ಮಂಗಳೂರು ನಾನಂದುಕೊಂಡಂತೆ ಸಪಾಟು ಊರಲ್ಲ. ಎಲ್ಲಿ ನೋಡಿದರೂ ಏರು, ಇಳಿವು, ಕೆಂಪು ಮಣ್ಣು, ಹೆಂಚು. ಒಂದು ಕಡೆ ನೇತ್ರಾವತಿ, ಇನ್ನೊಂದು ಕಡೆ ಗುರುಪುರ ಹೊಳೆ. ಎರಡೂ ಸಮುದ್ರ ಸೇರುವ ಬಾಯಿಗೇ ಹಳೇ ಬಂದರು. ಘಟ್ಟದ ಮೆಣಸು ಹಡಗು ಹತ್ತಿದ್ದೂ ಅರಬರ ಕುದುರೆ ಇಳಿದದ್ದೂ ಈ ಊರಿನಲ್ಲೇ ಅಂತ ಸಾಹುಕಾರರು ಹೇಳಿದರು. ಅವರು ಕೆಲಸದವರ ಹತ್ತಿರ ತುಳು, ಮೀನು ಲಾರಿಯವನ ಹತ್ತಿರ ಬ್ಯಾರಿ, ಫೋನಿನಲ್ಲಿ ಕೊಂಕಣಿ, ನಮ್ಮ ಹತ್ತಿರ ಪುಸ್ತಕದಂಥ ಕನ್ನಡ ಆಡುತ್ತಿದ್ದರು. ನಮ್ಮೂರಲ್ಲೂ ತಮಿಳು, ತೆಲುಗು ಇದೆ ಬಿಡಿ, ಆದರೆ ಒಂದೇ ಬಾಯಲ್ಲಿ ಇಷ್ಟೊಂದು ಕಂಡಿರಲಿಲ್ಲ.

ದಂಡೆಗೆ ಎಳೆದಿಟ್ಟ ದೋಣಿಯ ಅಡಿಯಲ್ಲಿ ಇವರು ಸಾಮಾನಿನ ಚೀಲ ಪಕ್ಕಕ್ಕಿಟ್ಟು ಶಾಫ್ಟ್ ಬಿಚ್ಚುತ್ತಿದ್ದರು. ಸಂಜೆಯ ಹೊತ್ತಿಗೆ ಹೊಳೆಯ ನೀರು ಏರತೊಡಗಿತು. ಮೋಡವಿಲ್ಲ, ಮಳೆಯಿಲ್ಲ. ಭದ್ರಾ ಹೊಳೆ ದಡದ ನಮ್ಮೂರಲ್ಲಿ ಹಾಗಾದರೆ ಅದಕ್ಕೆ ಒಂದೇ ಅರ್ಥ.

"ಡ್ಯಾಮ್ ಬಿಟ್ರು! ಎಲ್ರೂ ಮೇಲೆ ಬನ್ನಿ!" ಅಂತ ಕೂಗುತ್ತಾ ಇವರು ಸ್ಪ್ಯಾನರ್ ಬಿಸಾಕಿ, ಪಕ್ಕದಲ್ಲಿದ್ದ ಇಬ್ಬರು ಕೆಲಸದವರ ರಟ್ಟೆ ಹಿಡಿದು ದಂಡೆಯ ಮೇಲಕ್ಕೆ ಎಳೆದು ತಂದರು.

ಇಡೀ ಬಂದರು ನಕ್ಕಿತು.

"ಡ್ಯಾಮ್ ಅಲ್ಲ ಮಾರಾಯ್ರೇ, ಸಮುದ್ರ! ದಿನಾ ಎರಡು ಸಲ ಹೀಗೆ ಮೇಲೆ ಬರ್ತದೆ" ಅಂದ ಸಾಹುಕಾರರು ಕಣ್ಣೊರೆಸಿಕೊಂಡರು. "ನೀರೇ ಗೊತ್ತಿಲ್ಲದವರಿಗೆ ದೋಣಿ ಕೆಲಸ ಹೇಗೆ ಕೊಡುವುದು?"

ಇವರು ತಲೆ ತಗ್ಗಿಸಿದರು. ನಾನು ಬೇಡಿದ್ದು ಕೈಗೂಡಿತ್ತು, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಆ ತಗ್ಗಿದ ತಲೆ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

"ನಗ್ತೀರಲ್ಲ ಸ್ವಾಮೀ! ನಿಜವಾಗ್ಲೂ ನೀರು ನುಗ್ಗಿದ್ರೆ ನಿಮ್ಮವರನ್ನ ಎಳೆಯೋಕೆ ಇನ್ಯಾರಿದ್ರು? ತಮ್ಮ ಸಾಮಾನಿನ ಚೀಲ ಬಿಟ್ಟು ನಿಮ್ಮ ಜನಾನ ಎಳ್ಕೊಂಡು ಬಂದ್ರು ಇವರು. ಚೀಲ ಎಲ್ಲಿದೆ ನೋಡಿ!"

ಚೀಲ ನೀರಲ್ಲಿ ಮುಳುಗಿತ್ತು. ಸಾಹುಕಾರರು ನಗು ನಿಲ್ಲಿಸಿ ಅದನ್ನೇ ನೋಡಿದರು.

"ಸೋಮವಾರದಿಂದ ಬನ್ನಿ. ಮನೆ ನಾನು ನೋಡಿ ಕೊಡ್ತೇನೆ" ಅಂದರು.

ಮರುದಿನ ಭದ್ರಾ ಸೇತುವೆಯ ಮೇಲೆ ಬಸ್ ಬಂದಾಗ ಇವರು ಒದ್ದೆ ಚೀಲ ತೊಡೆಯ ಮೇಲಿಟ್ಟುಕೊಂಡು, "ಕೆಲಸ ಕೊಡ್ಸಿದ್ದು ನೀನೇ ಮಾರಾಯ್ತಿ" ಅಂದರು.

"ಹೌದು, ನನ್ನ ಬಾಯಿಗೆ ಬೆಂಕಿ ಹಾಕ" ಅಂದೆ. ನಗು ಬಂತು, ಅಳುವೂ ಬಂತು. ಸೇತುವೆ ಮುಗಿಯುವವರೆಗೂ ಹೊಳೆ ನೋಡುತ್ತಿದ್ದೆ.