ಧನಲಕ್ಷ್ಮಿ ಕೂಡಿಟ್ಟ ಕಾಯಿನ್ನು

ಯಶವಂತಪುರದ ಮಾರ್ಕೆಟ್ ಹಿಂದಿನ ರಸ್ತೆಯಲ್ಲಿ ಆಟೋ, ಬೈಕುಗಳಿಗೆ ಸೀಟ್ ಕವರ್ ಹೊಲಿಯುವ ಮುರುಗೇಶನಿಗೆ ಹೆಂಡತಿಯನ್ನು ರೇಗಿಸದಿದ್ದರೆ ತಿಂದ ಅನ್ನ ಅರಗುತ್ತಿರಲಿಲ್ಲ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಧನಲಕ್ಷ್ಮಿ ಮೊಬೈಲು ಹಿಡಿಯುವಳು. ಅದರಲ್ಲೊಂದು ಆ್ಯಪ್ಪು. ದಿನಕ್ಕೊಮ್ಮೆ ಗುಂಡಿ ಒತ್ತಿದರೆ ಯಾವುದೋ ಬ್ಲಾಕ್‌ಚೈನ್ ನೆಟ್‌ವರ್ಕಿನ ಸ್ವಂತ ಕಾಯಿನ್ನು, ಅಂದರೆ ಫೋನಿನಲ್ಲಷ್ಟೇ ಕಾಣುವ ದುಡ್ಡು, ಚೂರುಚೂರಾಗಿ ಅವಳ ಖಾತೆಗೆ ಸೇರುತ್ತಿತ್ತು. ಜ್ವರ ಬಂದು ಮಲಗಿದ ದಿನವೂ ತಪ್ಪಿಸಿದವಳಲ್ಲ, ಪುಣ್ಯಾತ್ಗಿತ್ತಿ.

“ಒತ್ತಮ್ಮ ಒತ್ತು, ಹೆಬ್ಬಾಳದಲ್ಲಿ ಬಂಗ್ಲೆ ಕಟ್ಟಿಸ್ಬೋದು,” ಅನ್ನುತ್ತಿದ್ದ ಮುರುಗೇಶ.

“ನಗ್ರೀ, ನಗ್ರಿ. ಆ ನೆಟ್‌ವರ್ಕ್ ಓಪನ್ ಆದ್ಮೇಲೆ ಅದ್ರಲ್ಲಿ ಏನ್ ಕಳಿಸ್ಬೇಕಾದ್ರೂ ಶುಲ್ಕ ಕಟ್ಬೇಕು. ಅದನ್ನ ಇದೇ ಕಾಯಿನ್ನಲ್ಲೇ ಕಟ್ಬೇಕು. ಗಾಡಿಗೆ ಪೆಟ್ರೋಲ್ ಇದ್ದಂಗೆ ಕಣ್ರೀ. ಆಗ ಎಲ್ರೂ ಕೇಳ್ಕೊಂಡು ಬರ್ತಾರೆ. ನಿಮ್ಗೊಂದು ಮೋಟ್ರು ಮೆಷೀನ್ ಕೊಡಿಸ್ತೀನಿ, ತುಳ್ದು ತುಳ್ದು ಮಂಡಿ ಸವೆಸ್ಕೊಂಡಿದ್ದೀರ.”

ನೆಟ್‌ವರ್ಕೇನೋ ಕೆಲವು ವರ್ಷಗಳ ಮೇಲೆ ತೆರೆಯಿತು. ಆದರೆ ಖಾತೆಯ ಒಡೆಯರು ಜೀವಂತ ಮನುಷ್ಯರೇ ಎಂದು ಕ್ಯಾಮೆರಾಗೆ ಮುಖ ತೋರಿಸಿದರೆ ಮಾತ್ರ ಕಾಯಿನ್ನು ಕೈಸೇರುವುದು. ಅಷ್ಟೊತ್ತಿಗೆ ಧನಲಕ್ಷ್ಮಿ ಕಾಯಿಲೆ ಬಿದ್ದು, ಆಸ್ಪತ್ರೆಯಿಂದ ಬಡಕಲಾಗಿ ಮನೆಗೆ ಬಂದಿದ್ದಳು. ಕೈ ನಡುಗುತ್ತಿತ್ತು.

“ರೀ, ಸ್ವಲ್ಪ ಫೋನ್ ಹಿಡ್ಕೊಳ್ರೀ. ಮುಖ ಸರಿಯಾಗಿ ಬೀಳ್ತಿಲ್ಲ.”

ಅಂಗಡಿಯಲ್ಲಿ ಆಟೋದವನು ಕಾಯುತ್ತಿದ್ದ. “ನಾಳೆ ಹಿಡೀತೀನಿ ಬಿಡೇ,” ಎಂದು ಮುರುಗೇಶ ಚಪ್ಪಲಿ ಮೆಟ್ಟಿದ. ಮಾರನೆಯ ದಿನ ಅವಳನ್ನು ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿಂದ ಅವಳು ಬರಲಿಲ್ಲ. ಅರೆತೆರೆದಿದ್ದ ಕಣ್ಣುಗಳನ್ನು ಅವನೇ ಹೆಬ್ಬೆರಳಿನಿಂದ ಮುಚ್ಚಿದ.

ಕೆಲವು ತಿಂಗಳಾದ ಮೇಲೆ ಮಗಳು ದಿವ್ಯ ಅಮ್ಮನ ಮೊಬೈಲು ನೋಡಿ ಹೇಳಿದಳು, “ಅಪ್ಪ, ಮುಖ ತೋರಿಸ್ದೇ ಇರೋರ ಕಾಯಿನ್ನೆಲ್ಲ ಇವತ್ತು ಅಳಿಸಿ ಹಾಕ್ತಾರಂತೆ.”

“ಅದೇನ್ ಶುಲ್ಕನೋ ನಾನು ರೂಪಾಯಲ್ಲಿ ಕಟ್ತೀನಿ. ಅವಳ ಖಾತೆ ಉಳಿಸ್ಕೊಡವ್ವ.”

“ಅಲ್ಲಿ ರೂಪಾಯಿ ನಡೆಯಲ್ಲಪ್ಪ. ಶುಲ್ಕ ಕಟ್ಟೋಕೂ ಆ ಕಾಯಿನ್ನೇ ಬೇಕು, ಅದು ಅಮ್ಮ ಮುಖ ತೋರಿಸಿದ್ರೇನೇ ಸಿಗೋದು. ಬಿಡಪ್ಪ, ಎಲ್ಲಾ ಸೇರಿಸಿದ್ರೂ ಒಂದು ಊಟದ ದುಡ್ಡು ಬರಲ್ಲ.”

ದುಡ್ಡು ಯಾರಿಗೆ ಬೇಕಿತ್ತು? ಅಷ್ಟು ವರ್ಷ ಅವಳು ಒಂದೊಂದೇ ಬೆಳಿಗ್ಗೆ ಕೂಡಿಟ್ಟದ್ದು ಹೆಸರಿಲ್ಲದಂತೆ ಹೋಗುತ್ತದಲ್ಲ. ದಿವ್ಯ ಕಾಲೇಜಿಗೆ ಹೋದ ಮೇಲೆ ಮುರುಗೇಶ ಗೋಡೆಯ ಮೇಲಿದ್ದ ಹೆಂಡತಿಯ ಫೋಟೋ ಇಳಿಸಿ, ಹಾರ ತೆಗೆದು, ಅಂಗಡಿಗೆ ತಂದ. ಅರ್ಧ ಶಟರ್ ಎಳೆದು, ಫೋಟೋವನ್ನು ಹೊಲಿಗೆ ಮೆಷೀನಿಗೆ ಒರಗಿಸಿ, ಎದುರಿಗೆ ಅವಳ ಫೋನು ಹಿಡಿದ.

ಅವಳ ಮುಖದ ಸುತ್ತ ಹಸಿರು ಗೆರೆ ಮೂಡಿತು. ಅವನು ಫೋನನ್ನು ಇನ್ನೂ ಹತ್ತಿರ ಹಿಡಿದ. ಆಮೇಲೆ ಪರದೆಯ ಮೇಲೆ ಅಕ್ಷರ ಬಂತು: ಕಣ್ಣು ಮುಚ್ಚಿ ತೆರೆಯಿರಿ.

“ಒಂದೇ ಒಂದ್ಸಲ ಕಣೇ, ಲಕ್ಷ್ಮಿ,” ಅಂದ.

ಇನ್ನೊಂದು ಕೈ ಚಾಚಿ ಫೋಟೋದ ಕಣ್ಣುಗಳ ಮೇಲೆ ಹೆಬ್ಬೆರಳಿಟ್ಟು ಮುಚ್ಚಿದ, ಅವತ್ತಿನ ಹಾಗೆಯೇ. ಮೆಲ್ಲಗೆ ತೆಗೆದ. ಮತ್ತೊಮ್ಮೆ ಪ್ರಯತ್ನಿಸಿ ಎಂದಿತು ಫೋನು. ಮತ್ತೆ ಮುಚ್ಚಿದ, ಮತ್ತೆ ತೆಗೆದ.

ಸಂಜೆ ದಿವ್ಯ ಬಂದು ಶಟರ್ ಎತ್ತಿದಾಗ, ಪರದೆಯ ಮೇಲೆ ಅವಳ ಕಾಯಿನ್ನು ಒಂದು ಚೂರೂ ಉಳಿದಿರಲಿಲ್ಲ. ಅವನು ಮಾತ್ರ ಹೆಂಡತಿಯ ಮುಖ ಸರಿಯಾಗಿ ಬೀಳುವ ಹಾಗೆ ಫೋನು ಹಿಡಿದುಕೊಂಡೇ ಕೂತಿದ್ದ.